ನಂಬುವ ಅಮ್ಮ, ನಂಬದ ಅಪ್ಪ: ನಮ್ಮ ಮನೆಯಲ್ಲಿ ಮಕ್ಕಳು ಬೆಳೆದ ಬಗೆ

ನಮ್ಮ ಮಗಳು ಈಗ ಡಿಗ್ರಿ ಮೊದಲ ವರ್ಷ, ಮಗ ಎಂಟನೇ ಕ್ಲಾಸು. ಇಬ್ಬರೂ ಚೆನ್ನಾಗಿದ್ದಾರೆ. ನಾನು, ನನ್ನ ಹೆಂಡತಿ ಕೂಡ ಚೆನ್ನಾಗಿದ್ದೇವೆ. ಇದನ್ನು ಮೊದಲೇ ಹೇಳಲು ಕಾರಣವಿದೆ. ಮದುವೆಯಾದ ಹೊಸದರಲ್ಲಿ ಎರಡೂ ಕಡೆಯವರು ಇದು ಆಗುವ ಮಾತಲ್ಲ ಅಂದಿದ್ದರು. ಅವಳು ಸೋಮವಾರ ತಪ್ಪದೆ ನಂಜುಂಡೇಶ್ವರನಿಗೆ ದೀಪ ಹಚ್ಚುವವಳು. ನಾನು ಮೂಢನಂಬಿಕೆಯ ವಿರುದ್ಧ ಮಾತಾಡುತ್ತಿದ್ದ ಎಚ್. ನರಸಿಂಹಯ್ಯನವರ ಭಾಷಣ ಕೇಳಿಕೊಂಡು ಬೆಳೆದವನು, ದೇವರಿಲ್ಲ ಅನ್ನುವವನು. "ಮಕ್ಕಳಾಗಲಿ, ಆಗ ನೀನೇ ಅವಳ ದಾರಿಗೆ ಬರ್ತೀಯ" ಅಂತ ನನ್ನ ವಿಚಾರವಾದಿ ಗೆಳೆಯರು. "ಮಕ್ಕಳು ಇಲ್ಲೂ ಸಲ್ಲಲ್ಲ, ಅಲ್ಲೂ ಸಲ್ಲಲ್ಲ" ಅಂತ ಅವಳ ಸೋದರಮಾವ. ಈಗ ಇಬ್ಬರ ಕಡೆಯಿಂದಲೂ ಜನ ಬಂದು ಹೇಗೆ ಮಾಡಿದಿರಿ ಅಂತ ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮದೂ ಇಂಥದೇ ಜೋಡಿಯಾದರೆ ಜಗಳ ಎಲ್ಲೆಲ್ಲಿ ಬರುತ್ತೆ ಅಂತ ನಾನು ಹೇಳಬೇಕಿಲ್ಲ. ನಾಮಕರಣ, ಜಾತಕ, ಮುಡಿ, ಕಿವಿ ಚುಚ್ಚಿಸುವುದು, ಹರಕೆ. ದೇವರಿದ್ದಾನೋ ಇಲ್ಲವೋ ಅನ್ನುವ ವಾದವನ್ನು ಇಲ್ಲಿ ತರುವುದಿಲ್ಲ. ಅದು ನಮ್ಮ ಮನೆಯಲ್ಲೇ ಇನ್ನೂ ಮುಗಿದಿಲ್ಲ.

ಮೊದಲು ಹಿಡಿದ ದಾರಿ ಎಲ್ಲರೂ ಹಿಡಿಯುವುದೇ. ಹದಿನೆಂಟು ತುಂಬುವವರೆಗೆ ಇಬ್ಬರೂ ಏನೂ ಹೇಳುವುದು ಬೇಡ, ದೊಡ್ಡವರಾದ ಮೇಲೆ ಅವರೇ ನೋಡಿಕೊಳ್ಳಲಿ. ಕೇಳಲು ಚೆನ್ನಾಗಿದೆ, ಅಲ್ವಾ? ಮಗಳಿಗೆ ಮೂರು ವರ್ಷ ಆಗುವ ಹೊತ್ತಿಗೆ ಇದು ಕೆಟ್ಟಿತು. ನಾವು ಬಾಯಿ ಮುಚ್ಚಿದರೆ ಊರೇನೂ ಬಾಯಿ ಮುಚ್ಚುವುದಿಲ್ಲ. ಮಹಡಿ ಮನೆಯ ಬಾಡಿಗೆಯವರು ಅವಳಿಗೆ, "ಸುಳ್ಳು ಹೇಳಿದ್ರೆ ದೇವರು ಕಣ್ಣು ಕಿತ್ಕೋತಾನೆ" ಅಂದಿದ್ದರು. ಆ ಮಗು ರಾತ್ರಿ ಎರಡೂ ಅಂಗೈಯಿಂದ ಕಣ್ಣು ಮುಚ್ಚಿಕೊಂಡು ಮಲಗುತ್ತಿತ್ತು. ನಿದ್ದೆ ಹತ್ತಿದ ಮೇಲೆ ಕೈ ಬಿಡಿಸಲು ಹೋದರೆ ಬೆರಳು ಇನ್ನೂ ಬಿಗಿ. ಹೀಗೆ ಒಂದು ತಿಂಗಳೇ ನಡೆಯಿತು. ನನಗಿಂತ ಜಾಸ್ತಿ ಸಿಟ್ಟು ಬಂದಿದ್ದು ನನ್ನ ಹೆಂಡತಿಗೆ. "ರೀ, ನನ್ನ ದೇವರು ಅಂಥವನಲ್ಲ. ನನ್ನ ಮಗೂಗೆ ಇವರು ಯಾವ ದೇವರನ್ನ ತಂದು ಕೊಡ್ತಿದಾರೆ?" ಅಂದಳು. ನಮ್ಮ ದಾರಿ ಶುರುವಾಗಿದ್ದು ಈ ಮಾತಿನಿಂದ. ಆದರೆ ಅದು ಗೊತ್ತಾಗಲು ಇನ್ನೂ ಎರಡು ವರ್ಷ ಬೇಕಾಯಿತು.

ನಡುವೆ ಪಾಲು ಮಾಡಿ ನೋಡಿದೆವು. ಹಬ್ಬದ ದಿನ ಅವಳದು, ಉಳಿದ ದಿನ ನನ್ನದು. ಮಗಳು ಬೆಳಗ್ಗೆ ಎದ್ದು, "ಅಪ್ಪಾ, ಇವತ್ತು ದೇವರು ಇದಾನಾ?" ಅಂತ ಕೇಳಲು ಶುರು ಮಾಡಿದಳು. ಅಲ್ಲಿಗೆ ಅದನ್ನು ಬಿಟ್ಟೆವು.

ದುಡ್ಡಿನ ಒಪ್ಪಂದವೂ ಒಂದಿತ್ತು. ಪೂಜೆಗೆ ಎಷ್ಟು ಹೋಗುತ್ತದೋ ಅಷ್ಟೇ ಪುಸ್ತಕಕ್ಕೆ, ವಿಜ್ಞಾನದ ಸಾಮಾನಿಗೆ. ನ್ಯಾಯವಾಗಿಯೇ ಕಾಣುತ್ತದೆ. ನಡೆದದ್ದು ಪೈಪೋಟಿ. ಒಂದು ವರ್ಷ ಗ್ರಹಶಾಂತಿ, ಹೋಮ ಅಂತ 25 ಸಾವಿರದ ಹತ್ತಿರ ಹೋಯಿತು. ಅದಕ್ಕೆ ಸರಿಯಾಗಿ ಟೆಲಿಸ್ಕೋಪು ಬಂತು, 14-15 ಸಾವಿರ ಇರಬೇಕು, ಜೊತೆಗೆ ಒಂದು ಮೈಕ್ರೋಸ್ಕೋಪು. ವರ್ಷದ ಕೊನೆಗೆ ನೋಡಿದರೆ ಎರಡೂ ಸೇರಿ 60 ಸಾವಿರ ದಾಟಿತ್ತು. ನಮ್ಮ ಸಂಬಳಕ್ಕೆ ಅದು ದೊಡ್ಡ ಮೊತ್ತ. ಈಗ ಸಮಪಾಲಿಲ್ಲ, ಮಿತಿ ಇದೆ. ಪೂಜೆ, ಪುಸ್ತಕ, ಯಾತ್ರೆ, ತಾರಾಲಯ ಎಲ್ಲ ಸೇರಿ ತಿಂಗಳಿಗೆ ಸುಮಾರು 2 ಸಾವಿರ. ಲೆಕ್ಕದ ಪುಸ್ತಕ ಮಕ್ಕಳ ಕೈಯಲ್ಲಿದೆ. ಹೂವಿನವಳಿಗೆ ಎಷ್ಟು, ಪುಸ್ತಕದ ಅಂಗಡಿಗೆ ಎಷ್ಟು, ಅವರೇ ಬರೆಯುತ್ತಾರೆ. ಬೇರೆ ಏನು ಬಿಟ್ಟರೂ ಇದನ್ನು ಬಿಡಬೇಡಿ. ದುಡ್ಡಿನ ಜಗಳ ನಿಂತರೆ ದೇವರ ಜಗಳ ಅರ್ಧ ನಿಂತ ಹಾಗೆ.

ಕೊನೆಗೆ ನಿಂತ ದಾರಿ ಇದು. ಯಾರೇ ಆಗಲಿ, ಮಗುವಿನ ಮುಂದೆ ತಮ್ಮ ಮಾತನ್ನಷ್ಟೇ ಆಡಬೇಕು. "ನಾನು ನಂಬ್ತೀನಿ", "ನಾನು ನಂಬಲ್ಲ". "ಅದೆಲ್ಲ ಸುಳ್ಳು" ಅಂತ ನಾನು ಹೇಳಬಾರದು, "ನಿಮ್ಮಪ್ಪನಿಗೆ ಗೊತ್ತಾಗಲ್ಲ" ಅಂತ ಅವಳು ಹೇಳಬಾರದು. ದೀಪ, ಹಾಡು, ಕಥೆ, ಎಳ್ಳುಬೆಲ್ಲ, ಮಣ್ಣಿನ ಗಣಪ ಎಲ್ಲ ಇರಲಿ. ಹೆದರಿಕೆ ಮಾತ್ರ ಬೇಡ. ದೇವರ ಹೆಸರಲ್ಲಿ ಹೆದರಿಸುವುದೂ ಬೇಡ, ದೇವರ ಮನೆಗೆ ಹೋದರೆ ದಡ್ಡರಾಗ್ತೀರಿ ಅಂತ ಹೆದರಿಸುವುದೂ ಬೇಡ. ಮಗುವಿನ ಹೆಸರಲ್ಲಿ ಹರಕೆ ಹೊರುವಂತಿಲ್ಲ. ಮೈಗೆ ಸಂಬಂಧಪಟ್ಟದ್ದನ್ನು ಮಗುವನ್ನೇ ಕೇಳಿ ಮಾಡಬೇಕು.

ಇದರಲ್ಲಿ ಹರಕೆಯದೇ ಕಷ್ಟ. ಮಗಳ ಮುಡಿ ವರ್ಷ ತುಂಬುವ ಮೊದಲೇ ನಂಜನಗೂಡಿನಲ್ಲಿ ಆಗಿತ್ತು. ನೆಂಟರು, ಊಟ, ವ್ಯಾನು ಸೇರಿ 35 ಸಾವಿರ ಆಗಿರಬೇಕು. ಮಗ ಹುಟ್ಟುವ ಮೊದಲೇ ನಮ್ಮತ್ತೆ ಅವನ ಮುಡಿಯನ್ನೂ ಹೊತ್ತಿದ್ದರು. ಹರಕೆ ತೀರಿಸದೆ ಬಿಟ್ಟರೆ ಅವರಿಗೆ ನಿದ್ದೆ ಬರುವುದಿಲ್ಲ, ಅದೂ ನಿಜ. ಆರು ವರ್ಷ ಕಾಯಲು ಅವರನ್ನು ಒಪ್ಪಿಸಿದೆವು. ಹೇಗೆ ಒಪ್ಪಿಸಿದೆವು ಅನ್ನುವುದು ನಮ್ಮಲ್ಲೇ ಇರಲಿ, ಅದರಲ್ಲಿ ಅವರ ಹಳೆಯ ಮಾತೊಂದಿದೆ. ಆರು ತುಂಬಿದ ಮೇಲೆ ಮಗನನ್ನು ಕೇಳಿದೆವು. ಕಪಿಲೆಯಲ್ಲಿ ಮುಳುಗು ಹಾಕಬಹುದು ಅಂದ ಕೂಡಲೇ ಹೂಂ ಅಂದ. ಮೈಸೂರಿನಿಂದ ಬಸ್ಸಿನಲ್ಲಿ ಹೋಗಿ ಬಂದೆವು, ಮನೆಯವರಷ್ಟೇ. ಎಲ್ಲ ಸೇರಿ ಒಂದೂವರೆ ಸಾವಿರ ಆಗಿರಬಹುದು. ಅತ್ತೆಯ ಹರಕೆ ತೀರಿತು, ಹುಡುಗನ ಒಪ್ಪಿಗೆಯೂ ಉಳಿಯಿತು.

ಗೆಳೆಯರು ಇದನ್ನು ಸೋಲು ಅಂದರು. ಮಗಳ ಕಿವಿ ಚುಚ್ಚಿಸಿದಾಗಲೂ ಅಂದಿದ್ದರು. 2017ರ ನಮ್ಮ ರಾಜ್ಯದ ಮೌಢ್ಯ ತಡೆ ಕಾಯ್ದೆಯೇ ಮಕ್ಕಳ ಕಿವಿ, ಮೂಗು ಚುಚ್ಚುವುದನ್ನು ನಿಷೇಧದಿಂದ ಹೊರಗಿಟ್ಟಿದೆ. ಕಾನೂನು ಬರೆದವರಿಗೆ ಗೊತ್ತಿರುವ ವ್ಯತ್ಯಾಸ ಇವರಿಗೆ ಯಾಕೆ ಕಾಣುವುದಿಲ್ಲವೋ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿ ಕಡೆ ಅಂಗವಿಕಲ ಮಕ್ಕಳನ್ನು ವಾಸಿಯಾಗಲಿ ಅಂತ ಕತ್ತಿನವರೆಗೆ ಮಣ್ಣಲ್ಲಿ ಹೂತಿದ್ದನ್ನು ಟಿವಿಯಲ್ಲಿ ನೋಡಿದೆವು. ನನ್ನ ಹೆಂಡತಿ ಅತ್ತಳು. ಹೋರಾಟ ಬೇಕಿರುವುದು ಅಲ್ಲಿ. ಓಲೆ ಹಾಕಿದ ಕಿವಿಯ ಮೇಲೆ ಸುಮ್ನೆ ಯಾಕೆ ಜಗಳ?

ಆ ಗ್ರಹಣ ನಮ್ಮ ಮನೆಯಲ್ಲಿ ದೊಡ್ಡ ಪರೀಕ್ಷೆಯೇ ಆಗಿತ್ತು. ಅತ್ತೆ ಬಂದಿದ್ದರು. ಹಾಲು, ಉಪ್ಪಿನಕಾಯಿ, ನೀರಿನ ಕೊಡ ಎಲ್ಲಕ್ಕೂ ದರ್ಭೆ ಬಿತ್ತು. ಮಕ್ಕಳು ಹೊರಗೆ ಹೋಗಬಾರದು ಅಂದರು. ಮಂಗಳೂರು ಕಡೆ ಸೂರ್ಯ ಬಳೆಯ ಹಾಗೆ ಉಳಿಯುವ ಕಂಕಣವೇ ಕಾಣುತ್ತದೆ ಅಂತ ಮಕ್ಕಳು ವಾರದಿಂದ ಕುಣಿಯುತ್ತಿದ್ದರು, ನಮ್ಮಲ್ಲೂ ಸೂರ್ಯ ಬಹುಪಾಲು ಮುಚ್ಚುವುದಿತ್ತು. ಗ್ರಹಣದ ಕನ್ನಡಕ ಮೊದಲೇ ತಂದಿಟ್ಟಿದ್ದೆ, ಒಂದಕ್ಕೆ 40-50 ರೂಪಾಯಿ. ಮಗಳು, ಮಗ, ನಾನು ತಾರಸಿಗೆ ಹೋದೆವು. ಹೆಂಡತಿ ಸ್ನಾನ ಮಾಡಿ ಜಪಕ್ಕೆ ಕೂತಳು. ಒಂಬತ್ತು ಗಂಟೆ ದಾಟಿದ ಮೇಲೆ ನಾನು ಅಡುಗೆಮನೆಯ ಜರಡಿ ತಂದು ನಡುಮನೆ ಕಿಟಕಿಯ ಬಿಸಿಲಿಗೆ ಹಿಡಿದೆ. ಜರಡಿಯ ಒಂದೊಂದು ತೂತೂ ನೆಲದ ಮೇಲೆ ಒಂದೊಂದು ಪುಟ್ಟ ಸೂರ್ಯನನ್ನು ಬಿಡಿಸಿತ್ತು. ಒಂದೂ ದುಂಡಗಿಲ್ಲ, ಎಲ್ಲ ಕುಡುಗೋಲಿನ ಬಾಯಿ. ಅತ್ತೆ ಕೂತಲ್ಲಿಂದಲೇ ಬಗ್ಗಿ ನೋಡಿದರು. "ಅಳಿಯಂದಿರೇ, ಇದು ಹೊರಗೆ ಹೋಗಿ ನೋಡಿದ ಲೆಕ್ಕ ಅಲ್ಲ ತಾನೇ?" ಅಂತ ಕೇಳಿದರು. ಅಲ್ಲ ಅತ್ತೆ ಅಂದೆ. ಅವರು ಗ್ರಹಣ ಮುಗಿಯುವವರೆಗೂ ಆ ನೆಲ ಬಿಟ್ಟು ಕಣ್ಣು ತೆಗೆಯಲಿಲ್ಲ. ಮೊಮ್ಮಗಳು ಪಕ್ಕದಲ್ಲಿ ಕೂತು ಚಂದ್ರ ಅಡ್ಡ ಬರುವುದನ್ನು ವಿವರಿಸಿದಳು, ಇವರು ರಾಹುವಿನ ಕಥೆ ಹೇಳಿದರು. ಎರಡನ್ನೂ ಮಗ ಕೇಳಿಸಿಕೊಂಡ.

ಇಂಥ ಪ್ರಯೋಗ ನಮ್ಮ ಮನೆಯಲ್ಲಿ ಬೇಕಾದಷ್ಟು ಆಗಿವೆ. ಹೆಂಡತಿ ಸಂಕಷ್ಟಿ ಮಾಡುತ್ತಾಳೆ, ಚಂದ್ರನನ್ನು ನೋಡದೆ ಊಟ ಮಾಡುವುದಿಲ್ಲ. ಮಗಳಿಗೆ ಹತ್ತು ವರ್ಷವಿದ್ದಾಗ ಪಂಚಾಂಗದ ಚಂದ್ರೋದಯದ ಹೊತ್ತನ್ನೂ, ಪಕ್ಕದ ಮನೆಯ ನೀರಿನ ಟ್ಯಾಂಕಿನ ಮೇಲೆ ಚಂದ್ರ ನಿಜಕ್ಕೂ ಕಂಡ ಹೊತ್ತನ್ನೂ ಬರೆದಿಡಲು ಶುರು ಮಾಡಿದಳು. ನಮ್ಮ ತಾರಸಿಯಲ್ಲಿ ಯಾವಾಗಲೂ ಹದಿನೈದು ಇಪ್ಪತ್ತು ನಿಮಿಷ ತಡ. ತಪ್ಪು ಪಂಚಾಂಗದ್ದಲ್ಲ, ಟ್ಯಾಂಕಿನದು ಅಂತ ಅವಳೇ ಕಂಡುಕೊಂಡಳು. ಸಂಕಷ್ಟಿಯ ಹಿಂದು ಮುಂದಿನ ದಿನಗಳಲ್ಲೂ ಬರೆದಳು. ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಹುಟ್ಟುವುದು ಆ ಪಟ್ಟಿಯಲ್ಲಿ ಕಾಣಿಸಿತು. ಹಸಿದು ಕೂತ ಅಮ್ಮನಿಗೆ "ಇನ್ನು ಹತ್ತು ನಿಮಿಷ ಅಮ್ಮಾ" ಅಂತ ಹೇಳುವಷ್ಟು ಪಕ್ಕಾ ಆದಳು.

ಇನ್ನೊಂದು ಗಣಪ ಹಾಲು ಕುಡಿದದ್ದು. ಗಣಪನ ವಿಗ್ರಹ ಚಮಚದ ಹಾಲು ಕುಡಿಯುತ್ತೆ ಅಂತ ಜನ ಗುಡಿಗಳಿಗೆ ಮುಗಿಬಿದ್ದ 1995ರ ಸೆಪ್ಟೆಂಬರ್ 21ರ ಆ ಗಲಾಟೆ ನಿಮ್ಮಲ್ಲಿ ಹಲವರಿಗೆ ನೆನಪಿರುತ್ತೆ. ಆಗ ವಿಜ್ಞಾನಿಗಳು ಹಾಲಿಗೆ ಬಣ್ಣ ಬೆರೆಸಿ ಅದು ಎಲ್ಲಿ ಹರಿಯುತ್ತದೆ ಅಂತ ತೋರಿಸಿದ್ದರು. ನಾವೂ ದೇವರ ಮನೆಯ ಹಿತ್ತಾಳೆ ಗಣಪನನ್ನು ತಂದು ಮಾಡಿದೆವು, ಹೆಂಡತಿಯನ್ನು ಕೇಳಿಯೇ. ಚಮಚದ ಅಂಚು ಸೊಂಡಿಲಿಗೆ ತಾಗಿದರೆ ಹಾಲು ಮೆಲ್ಲಗೆ ಖಾಲಿಯಾಗುತ್ತದೆ, ತೆಳ್ಳಗೆ ಹೊಟ್ಟೆಯ ಮೇಲೆ ಇಳಿಯುತ್ತದೆ. ಅರಿಶಿನ ಬೆರೆಸಿದರೆ ಆ ಗೆರೆ ಕಾಣುತ್ತದೆ. ಗಣಪನನ್ನು ಮೊದಲೇ ಒದ್ದೆ ಮಾಡಿರಬೇಕು, ಚಮಚ ಹಿಡಿಯುವ ಓರೆಯಲ್ಲೂ ಒಂದು ಹದವಿದೆ. ಅದನ್ನು ನೀವೇ ಕಂಡುಕೊಳ್ಳಿ. "ನನ್ನ ಗಣಪ ಹಾಲು ಕುಡಿದು ತೋರಿಸಬೇಕಾಗಿಲ್ಲ" ಅಂತ ಹೆಂಡತಿ ಅವನನ್ನು ತೊಳೆದು, ಒರೆಸಿ, ಕುಂಕುಮ ಇಟ್ಟು ಒಳಗೆ ಕೂರಿಸಿದಳು. ಅವಳ ನಂಬಿಕೆ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಲಿಲ್ಲ. ಆಗಬೇಕು ಅಂತ ನಾನು ಬಯಸಿಯೂ ಇರಲಿಲ್ಲ.

ಶಾಲೆಯದೂ ಒಂದು ಮಾತು. ಮಗನ ಶಾಲೆಯಲ್ಲಿ ವಾರಕ್ಕೊಂದು ದಿನ ಶ್ಲೋಕದ ತರಗತಿ ಕಡ್ಡಾಯ ಮಾಡಿದ್ದರು, ಹಾಜರಿ ಕೂಡ ಹಾಕುತ್ತಿದ್ದರು. ಸಂವಿಧಾನದ 28ನೇ ವಿಧಿ ಪ್ರಕಾರ ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಶಾಲೆ ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ. ಅರ್ಜಿ ನಾನು ಬರೆದೆ. ಕೆಳಗೆ ಮೊದಲ ಸಹಿ ನನ್ನ ಹೆಂಡತಿಯದು. ಹಾಜರಿ ಹಾಕಿ ಮಾಡಿಸುವುದು ಭಕ್ತಿ ಅಲ್ಲ ಅಂದಳು. ಮನೆಯಲ್ಲಿ ಅದೇ ಶ್ಲೋಕವನ್ನು ಅವಳೇ ಹೇಳಿಕೊಟ್ಟಳು, ಅವನು ಕಲಿತ. ನಾಸ್ತಿಕ ಒಬ್ಬನೇ ಹೋಗಿದ್ದರೆ ಆ ಅರ್ಜಿ ಮೂಲೆ ಸೇರುತ್ತಿತ್ತು. ಇಂಥ ಅರ್ಜಿಗೆ ಯಾವಾಗಲೂ ಆಸ್ತಿಕರ ಸಹಿ ಮೇಲಿರಲಿ.

ಫಲ ಏನು ಅಂತ ಕೇಳುತ್ತೀರಿ. ಮಗಳು ದೇವರ ವಿಷಯದಲ್ಲಿ ನನ್ನ ಕಡೆ ಜಾಸ್ತಿ, ಆದರೆ ಅಮ್ಮನಿಗೆ ಹುಷಾರಿಲ್ಲದ ದಿನ ದೀಪ ಹಚ್ಚುವವಳು ಅವಳೇ. ಮಗ ಅಮ್ಮನ ಕಡೆ. ಈ ಕಾರ್ತಿಕದಲ್ಲಿ ಮಾಲೆ ಹಾಕಿಕೊಂಡು ಶಬರಿಮಲೆಗೆ ಹೋಗುತ್ತೇನೆ ಅನ್ನುತ್ತಿದ್ದಾನೆ. ಬೀದಿಯ ಹುಡುಗರೆಲ್ಲ ಹೊರಟಿದ್ದಾರೆ. ನಂಬುವ ಅಮ್ಮನಿಗೇ ಅಷ್ಟು ಮನಸ್ಸಿಲ್ಲ, ನಲವತ್ತೊಂದು ದಿನದ ವ್ರತ ಎಂದರೆ ಮನೆಯ ಹೆಂಗಸಿಗೆ ಎಷ್ಟು ಕೆಲಸ ಅಂತ ಅವಳಿಗೆ ಗೊತ್ತು. ನಾನು ಹೋಗಲಿ ಅಂದೆ. ಮಾತುಕತೆ ಆಗಿದೆ. ಬೆಳಗ್ಗೆ ತಣ್ಣೀರು ಸ್ನಾನ, ತಟ್ಟೆ, ಬಟ್ಟೆ ಎಲ್ಲ ಅವನದೇ. ಪರೀಕ್ಷೆ ಪಾಸಾದರೆ ಬರ್ತೀನಿ ಅಂತ ಚೌಕಾಶಿ ಹರಕೆ ಇಲ್ಲ. ನಡುವೆ ಸಾಕು ಅನ್ನಿಸಿದರೆ ಗುರುಸ್ವಾಮಿಯ ಹತ್ತಿರ ಹೋಗಿ ತಾನೇ ಹೇಳಬೇಕು, ಮನೆಯಲ್ಲಿ ಯಾರೂ ಅವನನ್ನು ಹೆದರಿಸುವುದಿಲ್ಲ. ಮಾಲೆ ಹಾಕಿದವರನ್ನು ಸ್ವಾಮಿ ಅಂತ ಕರೆಯಬೇಕಲ್ಲ, ಅದಕ್ಕೂ ಒಪ್ಪಂದ ಆಯಿತು. ಅಮ್ಮ ಸ್ವಾಮಿ ಅನ್ನುತ್ತಾಳೆ, ನಾನು ಹೆಸರು ಹಿಡಿದೇ ಕರೆಯುತ್ತೇನೆ. ಅವನು ತಕರಾರು ಮಾಡಲಿಲ್ಲ. ವ್ಯಾನಿನ ಪಾಲು, ಇರುಮುಡಿ ಎಲ್ಲ ಸೇರಿ 7 ಸಾವಿರ ಆಗಬಹುದಂತೆ. ಮಿತಿ ದಾಟದ ಹಾಗೆ ಹಬ್ಬದ ಪಟಾಕಿ ಬಿಡುತ್ತೇನೆ, ಅಕ್ಕ ಕೇಳಿದ ಪುಸ್ತಕ ಜನವರಿಗೆ ತರೋಣ ಅಂತ ಲೆಕ್ಕದ ಪುಸ್ತಕ ಹಿಡಿದು ಕೂತಿದ್ದಾನೆ. ಅಕ್ಕ ಇನ್ನೂ ಒಪ್ಪಿಲ್ಲ.