ಸರ್ವರ್ ಫಂಕ್ಷನ್ ಕರೆಯೋದು, ಟೈಪ್ ತಪ್ಪದ ಹಾಗೆ

ಶಿರಸಿ ಮಾರ್ಕೆಟ್ಟಿನ ಅಡಿಕೆ ದರ ತೋರಿಸುವ ಸಣ್ಣ ಆ್ಯಪ್ ಮಾಡುತ್ತಿದ್ದೀರಿ ಅಂದುಕೊಳ್ಳಿ. ಸರ್ವರಿನಲ್ಲಿ ದರ ನಂಬರ್, ಕ್ಲೈಂಟಿನಲ್ಲಿ (ಬಳಸುವವರ ಕಡೆ ಓಡುವ ಕೋಡಿನಲ್ಲಿ) ಯಾರೋ ಸ್ಟ್ರಿಂಗ್, ಅಂದ್ರೆ ಬರಹ, ಅಂತ ಬರೆದಿದ್ದಾರೆ. ಎರಡು ಕಡೆ ಟೈಪ್ ಬರೆದರೆ ಇದು ಆಗೋದೇ. ಎರಡೂ ಕಡೆ ಟೈಪ್‌ಸ್ಕ್ರಿಪ್ಟ್ (ಟೈಪ್ ಸೇರಿಸಿದ ಜಾವಾಸ್ಕ್ರಿಪ್ಟ್) ಇದ್ದರೆ ಟಿಆರ್‌ಪಿಸಿ (tRPC) ಹಾಕಿ, ಸರ್ವರಿನ ಫಂಕ್ಷನ್ನನ್ನು ಅದರ ಟೈಪ್ ಸಮೇತ ಕ್ಲೈಂಟಿನಿಂದ ಕರೆಯೋದಕ್ಕೆ ಇರುವ ಲೈಬ್ರರಿ ಅದು.

ಮೊದಲು ಸರ್ವರಿನಲ್ಲಿ ರೂಟರ್ ಮಾಡಿ, ಅದರೊಳಗೆ ದರ ಕೊಡುವ ಪ್ರೊಸೀಜರ್, ಅಂದ್ರೆ ಕ್ಲೈಂಟ್ ಕರೆಯುವ ಫಂಕ್ಷನ್. ಓದೋದಕ್ಕೆ ಕ್ವೆರಿ, ಬದಲಿಸೋದಕ್ಕೆ ಮ್ಯುಟೇಶನ್. ಇನ್‌ಪುಟ್‌ಗೆ ಝಾಡ್ (Zod, ಬಂದ ಡೇಟಾ ಸರಿ ಇದೆಯಾ ಅಂತ ನೋಡುವ ಲೈಬ್ರರಿ) ಸ್ಕೀಮಾ ಕೊಡಿ: ಅಡಿಕೆಯ ಬಗೆ ರಾಶಿ, ಚಾಲಿ, ಬೆಟ್ಟೆ, ಇಷ್ಟರಲ್ಲೇ ಒಂದು ಅಂತ ಈನಮ್ (ನಿಗದಿತ ಪಟ್ಟಿ). ಇದನ್ನು ಮಾತ್ರ ಬಿಡಬೇಡಿ, ಯಾಕಂದ್ರೆ ಕಂಪೈಲ್ ಆದಮೇಲೆ ಟೈಪ್‌ಗಳು ಉಳಿಯೋದಿಲ್ಲ, ಹೊರಗಿಂದ ಯಾರಾದರೂ ಸುಮ್ನೆ ಏನೇನೋ ಕಳಿಸಿದರೆ ತಡೆಯೋದು ಈ ಸ್ಕೀಮಾನೇ.

ಆಮೇಲೆ ‘ಟೈಪ್‌ಆಫ್’ ಬಳಸಿ ರೂಟರಿನ ಟೈಪ್ ಮಾತ್ರ ಎಕ್ಸ್‌ಪೋರ್ಟ್ ಮಾಡಿ. ಕ್ಲೈಂಟಿನಲ್ಲಿ ‘ಇಂಪೋರ್ಟ್ ಟೈಪ್’ ಅಂತಲೇ ಬರೆಯಿರಿ. ಬರೀ ಇಂಪೋರ್ಟ್ ಬರೆದರೆ ಸರ್ವರ್ ಕೋಡ್ ಬ್ರೌಸರಿನ ಬಂಡಲ್ಲಿಗೆ (ಬ್ರೌಸರಿಗೆ ಕಳಿಸುವ ಕೋಡಿನ ಕಟ್ಟಿಗೆ) ನುಗ್ಗಬಹುದು. ಈಗ ‘ಚಾಲಿ’ ಬದಲು ‘ಚಲಿ’ ಅಂತ ಹೊಡೆದು ನೋಡಿ, ಎಡಿಟರೇ ಕೆಂಪು ಗೆರೆ ಎಳೆಯುತ್ತದೆ. ಮಜಾ ಅಲ್ವಾ?

ತಾರೀಖಿನ ವಿಷಯದಲ್ಲಿ ಹುಷಾರು. ಡೇಟ್ ಕಳಿಸಿದರೆ ಜೇಸನ್‌ನಲ್ಲಿ (JSON, ಡೇಟಾ ಕಳಿಸುವ ಪಠ್ಯ ರೂಪ) ಸ್ಟ್ರಿಂಗ್ ಆಗಿಬಿಡುತ್ತದೆ. ಡೇಟೇ ಬೇಕಿದ್ದರೆ ಡೇಟನ್ನು ಡೇಟಾಗೇ ಮರಳಿಸುವ ಸೂಪರ್‌ಜೇಸನ್ ಟ್ರಾನ್ಸ್‌ಫಾರ್ಮರನ್ನು ಎರಡೂ ಕಡೆ ಹಾಕಿ. ಕ್ಲೈಂಟ್ ಕಾಟ್ಲಿನ್‌ನಂಥ ಬೇರೆ ಭಾಷೆಯಲ್ಲಿದ್ದರೆ ಟಿಆರ್‌ಪಿಸಿ ದಾರಿ ಬೇಡ, ಓಪನ್‌ಎಪಿಐ (ಯಾವ ಭಾಷೆಯಿಂದಲೂ ಬಳಸಬಹುದಾದ ಎಪಿಐ ವಿವರಣೆಯ ಮಾದರಿ) ನೋಡಿ.