ಜೋಡಿ ಸ್ವಿಚ್ ಹಾಕಿದ್ದೀರಾ? ರೂಟ್ ಯಾರು ಅಂತ ನೀವೇ ಹೇಳಿ

ಎರಡು ಕೋರ್ ಸ್ವಿಚ್ (ಉಳಿದ ಸ್ವಿಚ್‌ಗಳನ್ನೆಲ್ಲ ಜೋಡಿಸುವ ಮುಖ್ಯ ಸ್ವಿಚ್) ಇದ್ದರೆ ಒಂದು ಕೆಟ್ಟರೂ ಕೆಲಸ ನಿಲ್ಲುವುದಿಲ್ಲ ಅನ್ನುವ ನೆಮ್ಮದಿ ನಮಗೆಲ್ಲ ಇರುತ್ತದೆ, ಅಲ್ವಾ? ನಾನು ಕೆಲಸ ಮಾಡುತ್ತಿದ್ದ ಒಂದು ಕ್ಯಾಂಪಸ್‌ನಲ್ಲೂ ಅದೇ ನೆಮ್ಮದಿ ಇತ್ತು. ಆದರೆ ಮಧ್ಯಾಹ್ನವಾದರೆ ನೆಟ್‌ವರ್ಕ್ ತೆವಳುತ್ತಿತ್ತು. ಎರಡು ದಿನ ಹುಡುಕಿದ ಮೇಲೆ ಸಿಕ್ಕಿದ್ದು, ಲ್ಯಾಬ್‌ನ ಮೂಲೆಯಲ್ಲಿ ಮೇಜಿನ ಕೆಳಗೆ ಧೂಳು ಹಿಡಿದು ಕೂತಿದ್ದ ಒಂದು ಹಳೇ ಸ್ವಿಚ್. ಇಡೀ ಕ್ಯಾಂಪಸ್‌ಗೆ ರೂಟ್ ಬ್ರಿಡ್ಜ್, ಅಂದರೆ ಉಳಿದ ಸ್ವಿಚ್‌ಗಳೆಲ್ಲ ದಾರಿ ಲೆಕ್ಕ ಹಾಕುವ ಮೂಲ ಸ್ವಿಚ್, ಅದೇ ಆಗಿತ್ತು! ಎರಡು ಕೋರ್‌ಗಳ ನಡುವಿನ 10 ಗಿಗಾಬಿಟ್ ಲಿಂಕ್ ಬ್ಲಾಕ್ ಆಗಿ, ಅವುಗಳ ನಡುವಿನ ಮಾತುಕತೆಯೆಲ್ಲ ಆ ಹಳೇ ಡಬ್ಬದ 100 ಮೆಗಾಬಿಟ್ ಪೋರ್ಟ್‌ಗಳಲ್ಲಿ ನುಗ್ಗಿ ಹೋಗುತ್ತಿತ್ತು.

ಹೀಗೇಕೆ ಆಗುತ್ತದೆ? ಈಥರ್‌ನೆಟ್ ಫ್ರೇಮ್‌ಗೆ ಐಪಿ ಪ್ಯಾಕೆಟ್‌ಗೆ ಇರುವಂತೆ ಟಿಟಿಎಲ್ (ಇಷ್ಟು ಹೆಜ್ಜೆ ಆದ ಮೇಲೆ ಬಿಸಾಡಿ ಎನ್ನುವ ಎಣಿಕೆ) ಇಲ್ಲ. ಸ್ವಿಚ್‌ಗಳ ನಡುವೆ ಸುತ್ತು ದಾರಿ ಸಿಕ್ಕರೆ ಎಲ್ಲರಿಗೂ ಹೋಗುವ ಒಂದೇ ಒಂದು ಬ್ರಾಡ್‌ಕಾಸ್ಟ್ ಫ್ರೇಮ್ ಸಾಕು, ಯಾರಾದರೂ ಕೇಬಲ್ ಕೀಳುವ ತನಕ ಸುತ್ತುತ್ತಲೇ ಇರುತ್ತದೆ. ಅದನ್ನು ತಡೆಯಲು ರೇಡಿಯಾ ಪರ್ಲ್‌ಮನ್ 1985ರಲ್ಲಿ ಸ್ಪ್ಯಾನಿಂಗ್ ಟ್ರೀ ರೂಪಿಸಿದರು. ಇದರಲ್ಲಿ ಒಂದು ಸ್ವಿಚ್ ರೂಟ್ ಆಗುತ್ತದೆ, ಉಳಿದವು ಅದರ ಕಡೆಗೆ ಒಂದೇ ದಾರಿ ಇಟ್ಟುಕೊಂಡು ಜಾಸ್ತಿ ಇರುವ ದಾರಿಯನ್ನು ಮುಚ್ಚುತ್ತವೆ. ಪ್ರತಿ ಸ್ವಿಚ್‌ಗೂ ಪ್ರಯಾರಿಟಿ ಎನ್ನುವ ಸಂಖ್ಯೆ ಇದೆ, ಅದು ಕಡಿಮೆ ಇದ್ದವರೇ ರೂಟ್. ನೀವು ಏನೂ ಹೇಳದಿದ್ದರೆ ಎಲ್ಲದಕ್ಕೂ 32768. ಆಗ ಮ್ಯಾಕ್ ವಿಳಾಸ (ತಯಾರಕರು ಸಾಧನಕ್ಕೆ ಕೊಟ್ಟ ಗುರುತಿನ ಸಂಖ್ಯೆ) ಚಿಕ್ಕದಿರುವುದು ಗೆಲ್ಲುತ್ತದೆ, ಮತ್ತು ಚಿಕ್ಕ ವಿಳಾಸ ಸಾಮಾನ್ಯವಾಗಿ ಹಳೇ ಸ್ವಿಚ್‌ನದೇ ಆಗಿರುತ್ತದೆ.

ಹಾಗಾಗಿ ಮೊದಲ ಕೆಲಸ ಇದು. ಎಲ್ಲ ಸ್ವಿಚ್‌ಗಳಲ್ಲೂ ರ‍್ಯಾಪಿಡ್ ಸ್ಪ್ಯಾನಿಂಗ್ ಟ್ರೀ ಹಾಕಿ. ಹಳೇ ಸ್ಪ್ಯಾನಿಂಗ್ ಟ್ರೀಯಲ್ಲಿ ದಾರಿ ಬದಲಾಗಲು 30ರಿಂದ 50 ಸೆಕೆಂಡ್ ಬೇಕು, ಇದರಲ್ಲಿ ಸಾಮಾನ್ಯವಾಗಿ ಒಂದೆರಡು ಸೆಕೆಂಡ್ ಸಾಕು. ಆಮೇಲೆ ಮೊದಲ ಕೋರ್‌ನಲ್ಲಿ ವಿಲ್ಯಾನ್ (ಅದೇ ಸ್ವಿಚ್‌ಗಳ ಮೇಲೆ ಬೇರೆಯಾಗಿ ನಡೆಯುವ ನೆಟ್‌ವರ್ಕ್ ಭಾಗ) 10ಕ್ಕೆ ಪ್ರಯಾರಿಟಿ 4096 ಕೊಡಿ, ಎರಡನೆಯದರಲ್ಲಿ 8192. ವಿಲ್ಯಾನ್ 20ಕ್ಕೆ ಇದನ್ನೇ ತಿರುವಿ ಹಾಕಿ. ಆಗ ಪ್ರತಿ ಮಹಡಿಯ ಸ್ವಿಚ್‌ನಿಂದ ಹೊರಡುವ ಎರಡು ಕೇಬಲ್‌ಗಳಿಗೂ ಕೆಲಸ ಸಿಗುತ್ತದೆ. ಈ ಸಂಖ್ಯೆ 4096ರ ಮಗ್ಗಿಯಲ್ಲೇ ಇರಬೇಕು, ಬೇರೇನು ಕೊಟ್ಟರೂ ಸ್ವಿಚ್ ಒಪ್ಪುವುದಿಲ್ಲ. ಕೋರ್‌ಗಳ ನಡುವೆ ಎರಡು ಕೇಬಲ್ ಎಳೆದು ಎಲ್‌ಎಸಿಪಿಯಲ್ಲಿ ಒಂದಾಗಿ ಕಟ್ಟಿ. ಕಂಪ್ಯೂಟರ್ ಕೂರುವ ಪೋರ್ಟ್‌ಗಳಿಗೆ ಪೋರ್ಟ್‌ಫಾಸ್ಟ್ (ಕಾಯದೆ ತಕ್ಷಣ ತೆರೆಯಲು) ಮತ್ತು ಬಿಪಿಡಿಯು ಗಾರ್ಡ್ (ಅಲ್ಲಿ ಸ್ಪ್ಯಾನಿಂಗ್ ಟ್ರೀ ಸಂದೇಶ ಬಂದರೆ ಪೋರ್ಟ್ ಮುಚ್ಚಲು), ಮಹಡಿ ಸ್ವಿಚ್‌ಗಳ ಕಡೆ ನೋಡುವ ಕೋರ್ ಪೋರ್ಟ್‌ಗಳಿಗೆ ರೂಟ್ ಗಾರ್ಡ್ (ಆ ಕಡೆಯಿಂದ ಯಾರೂ ರೂಟ್ ಆಗದಂತೆ ತಡೆಯಲು) ಹಾಕಿ. ಇಷ್ಟಾದರೆ ಮೇಜಿನ ಕೆಳಗಿನ ಸ್ವಿಚ್ ಮತ್ತೆ ಯಜಮಾನ ಆಗುವುದಿಲ್ಲ.

ಈಗ ಗೇಟ್‌ವೇ, ಅಂದರೆ ಕಂಪ್ಯೂಟರ್‌ಗಳು ತಮ್ಮ ವಿಲ್ಯಾನ್‌ನಿಂದ ಹೊರಹೋಗುವ ಬಾಗಿಲು. ಜಾಸ್ತಿ ಜನ ಎಡವುವುದು ಇಲ್ಲೇ. ವಿಲ್ಯಾನ್ 10ರಲ್ಲಿ ಮೊದಲ ಕೋರ್‌ಗೆ 10.10.10.2, ಎರಡನೆಯದಕ್ಕೆ 10.10.10.3 ಕೊಟ್ಟು, ಇಬ್ಬರೂ ಹಂಚಿಕೊಳ್ಳುವ 10.10.10.1ನ್ನು ಎಚ್‌ಎಸ್‌ಆರ್‌ಪಿ ಅಥವಾ ವಿಆರ್‌ಆರ್‌ಪಿ (ಒಬ್ಬರು ಕೆಟ್ಟರೆ ಇನ್ನೊಬ್ಬರು ಆ ವಿಳಾಸ ವಹಿಸಿಕೊಳ್ಳುವ ಪ್ರೋಟೋಕಾಲ್‌ಗಳು) ಮೂಲಕ ಇಡುತ್ತೇವೆ. ಕಂಪ್ಯೂಟರ್‌ಗಳಿಗೆ ಗೊತ್ತಿರುವುದು ಆ 10.10.10.1 ಮಾತ್ರ. ರೂಟ್ ಯಾವ ಕೋರ್‌ನಲ್ಲಿದೆಯೋ ಗೇಟ್‌ವೇ ಕೂಡ ಅದರಲ್ಲೇ ಇರಬೇಕು. ರೂಟ್ ಎರಡನೆಯದರಲ್ಲಿ, ಗೇಟ್‌ವೇ ಮೊದಲನೆಯದರಲ್ಲಿ ಇದ್ದರೆ ಪ್ರತಿ ಪ್ಯಾಕೆಟ್ ಮೊದಲು ಎರಡನೆಯದಕ್ಕೆ ಹೋಗಿ, ನಡುವಿನ ಲಿಂಕ್ ದಾಟಿ, ಆಮೇಲೆ ಹೊರಗೆ ಹೋಗುತ್ತದೆ. ಏನೂ ಕೆಟ್ಟಂತೆ ಕಾಣುವುದಿಲ್ಲ, ಪಿಂಗ್ ಬರುತ್ತದೆ, ಹಾಗಾಗಿ ವರ್ಷಗಟ್ಟಲೆ ಯಾರೂ ಗಮನಿಸುವುದಿಲ್ಲ. ಎಚ್‌ಎಸ್‌ಆರ್‌ಪಿಯಲ್ಲಿ ಮಾಮೂಲಿ ಪ್ರಯಾರಿಟಿ 100. ವಿಲ್ಯಾನ್ 10ಕ್ಕೆ ಮೊದಲ ಕೋರ್‌ನಲ್ಲಿ 110 ಕೊಡಿ. ಇಲ್ಲಿ ದೊಡ್ಡ ಸಂಖ್ಯೆ ಗೆಲ್ಲುತ್ತದೆ, ಸ್ಪ್ಯಾನಿಂಗ್ ಟ್ರೀಗೆ ಪೂರ್ತಿ ಉಲ್ಟಾ. ಪ್ರಿಎಂಪ್ಟ್ (ಕೆಟ್ಟು ಮರಳಿದ ಕೋರ್ ಗೇಟ್‌ವೇ ಕೆಲಸ ವಾಪಸ್ ಪಡೆಯುವುದು) ಕೂಡ ಹಾಕಿ, ಆದರೆ ಒಂದೆರಡು ನಿಮಿಷ ತಡ ಕೊಟ್ಟು. ಇಲ್ಲದಿದ್ದರೆ ಆಗ ತಾನೇ ಎದ್ದ ಕೋರ್, ಹೊರದಾರಿ ಕಲಿಯುವ ಮೊದಲೇ ಗೇಟ್‌ವೇ ಆಗಿ ಬಂದದ್ದನ್ನೆಲ್ಲ ಬಿಸಾಡುತ್ತದೆ.

ರೂಟಿಂಗ್ ಕಷ್ಟವಿಲ್ಲ. ಪ್ರತಿ ಕೋರ್‌ನಿಂದ ರೂಟರ್‌ಗೆ ಬೇರೆ ಬೇರೆ ಲೇಯರ್ 3 (ಐಪಿ ಮಟ್ಟದ) ಲಿಂಕ್, /30 ಅಥವಾ /31 ವಿಳಾಸ (ಎರಡು ತುದಿಗಷ್ಟೇ ಸಾಕಾಗುವ ಚಿಕ್ಕ ಐಪಿ ಗುಂಪು), ಮೇಲೆ ಓಎಸ್‌ಪಿಎಫ್ (ರೂಟರ್‌ಗಳು ದಾರಿಗಳನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಪ್ರೋಟೋಕಾಲ್). ಬಳಕೆದಾರರ ವಿಲ್ಯಾನ್‌ಗಳನ್ನು ಪ್ಯಾಸಿವ್ ಮಾಡಿ, ಅಲ್ಲಿ ಓಎಸ್‌ಪಿಎಫ್ ನೆರೆತನ ಬೆಳೆಯದಿರಲಿ. ಕೋರ್‌ಗಳ ನಡುವೆಯೂ ಒಂದು ಓಎಸ್‌ಪಿಎಫ್ ನೆರೆತನ ಇರಲಿ, ಒಬ್ಬರ ಹೊರಲಿಂಕ್ ಹೋದರೆ ಇನ್ನೊಬ್ಬರ ಮೂಲಕ ಹೋಗಲು.

ಒಂದು ಸಣ್ಣ ವಿಷಯ ಮಾತ್ರ ಬಿಡಬೇಡಿ. ಒಂದು ಕಂಪ್ಯೂಟರ್‌ಗೆ ಹೊರಗಿನಿಂದ ಬರುವ ಉತ್ತರ ಎರಡನೇ ಕೋರ್‌ಗೂ ಬರಬಹುದು. ಸಿಸ್ಕೊದ ಹಲವು ಸ್ವಿಚ್‌ಗಳಲ್ಲಿ ಎಆರ್‌ಪಿ ನೆನಪು (ಯಾವ ಐಪಿಗೆ ಯಾವ ಮ್ಯಾಕ್ ಎಂಬುದು) ಮಾಮೂಲಿಯಾಗಿ 4 ಗಂಟೆ, ಮ್ಯಾಕ್ ಟೇಬಲ್ ನೆನಪು (ಯಾವ ಮ್ಯಾಕ್ ಯಾವ ಪೋರ್ಟ್‌ನಲ್ಲಿ ಎಂಬುದು) ಬರೀ 300 ಸೆಕೆಂಡ್. ಆ ಕಂಪ್ಯೂಟರ್‌ನ ಫ್ರೇಮ್‌ಗಳು ಎರಡನೇ ಕೋರ್‌ಗೆ ಅಪರೂಪಕ್ಕೆ ಬರುವುದರಿಂದ ಅದರ ಮ್ಯಾಕ್ ಮರೆತುಹೋಗುತ್ತದೆ, ಎಆರ್‌ಪಿ ಮಾತ್ರ ಉಳಿಯುತ್ತದೆ. ಆಗ ಅದು ಉತ್ತರವನ್ನು ಆ ವಿಲ್ಯಾನ್‌ನ ಎಲ್ಲ ಪೋರ್ಟ್‌ಗೂ ಸುರಿಯುತ್ತದೆ. ಎರಡೂ ಕೋರ್‌ಗಳಲ್ಲಿ ಎಆರ್‌ಪಿ ಅವಧಿಯನ್ನು 270 ಸೆಕೆಂಡ್‌ಗೆ ಇಳಿಸಿದರೆ ಇದು ನಿಲ್ಲುತ್ತದೆ.

ಎಲ್ಲ ಆದ ಮೇಲೆ ಕಂಪ್ಯೂಟರ್ ಒಂದರಿಂದ ಪಿಂಗ್ ಬಿಟ್ಟು, ರಜಾ ದಿನ ಒಂದೊಂದೇ ಕೇಬಲ್ ಕಿತ್ತು ನೋಡಿ. ಆಮೇಲೆ ಮೊದಲ ಕೋರ್‌ನ ಕರೆಂಟನ್ನೇ ತೆಗೆಯಿರಿ. ಎಚ್‌ಎಸ್‌ಆರ್‌ಪಿ ಮಾಮೂಲಿ ಟೈಮರ್‌ನಲ್ಲಿದ್ದರೆ ಸುಮಾರು 10 ಸೆಕೆಂಡ್ ಪಿಂಗ್ ನಿಲ್ಲುವುದು ಸಹಜ. ಅದಕ್ಕಿಂತ ಜಾಸ್ತಿ ನಿಂತರೆ ಮೊದಲು ಪ್ರತಿ ಸ್ವಿಚ್‌ನಲ್ಲೂ ರೂಟ್ ಯಾರು ಅಂತ ನೋಡಿ. ಮರಳಿ ಕರೆಂಟ್ ಕೊಟ್ಟಾಗಲೂ ಪಿಂಗ್ ನೋಡುತ್ತಲೇ ಇರಿ, ಪ್ರಿಎಂಪ್ಟ್ ತಡ ಸಾಕಾಗಿದೆಯೋ ಇಲ್ಲವೋ ಆಗಲೇ ಗೊತ್ತಾಗುವುದು.