ಮಧ್ಯಾಹ್ನವಾದರೆ ಲಾಕ್ ಬಿಡುತ್ತಿದ್ದ ಲೇಸರ್

ನಮ್ಮ ಬೆಂಗಳೂರಿನ ಲ್ಯಾಬ್‌ನಲ್ಲಿ 780 ನ್ಯಾನೋಮೀಟರ್ ಡಯೋಡ್ ಲೇಸರನ್ನು ರುಬಿಡಿಯಂ ಆವಿ ಬೆಳಕು ಹೀರುವ ಗೆರೆಯೊಂದಕ್ಕೆ ಲಾಕ್ ಮಾಡಿದ್ದೆವು, ಅಂದರೆ ಲೇಸರ್‌ನ ಆವರ್ತನ ಆ ಗೆರೆ ಬಿಟ್ಟು ಕದಲದಂತೆ ಹಿಡಿದಿಟ್ಟಿದ್ದೆವು. ಬೆಳಿಗ್ಗೆ ಚೆನ್ನಾಗಿರುತ್ತಿತ್ತು. ಮಧ್ಯಾಹ್ನವಾದರೆ ಲಾಕ್ ಬಿಟ್ಟುಹೋಗುತ್ತಿತ್ತು. ರಸ್ತೆಯಲ್ಲಿ ಓಡಾಡುವ ಬಸ್ಸು, ಲಾರಿಗಳಿಂದ ಟೇಬಲ್ ಅದುರುತ್ತಿದೆ ಅಂತ ಎಲ್ಲರ ಅನುಮಾನ. ಸುಮ್ನೆ ಊಹಿಸುವ ಬದಲು ಎರರ್ ಸಿಗ್ನಲ್ (ಲೇಸರ್ ಗೆರೆಯಿಂದ ಎಷ್ಟು ಸರಿದಿದೆ ಅಂತ ಹೇಳುವುದು), ಪಿಜೋ ವೋಲ್ಟೇಜ್ (ಆವರ್ತನ ತಿದ್ದಲು ಪಿಜೋ ಎಂಬ ಹರಳಿಗೆ ಕೊಡುವುದು), ಟೇಬಲ್ ಮೇಲಿನ ತಾಪಮಾನ ಮೂರನ್ನೂ ಒಟ್ಟಿಗೆ ರೆಕಾರ್ಡ್ ಮಾಡಿದೆ.

ಅದುರುವುದೇ ಕಾರಣವಾಗಿದ್ದರೆ ಎರರ್ ಸಿಗ್ನಲ್‌ನಲ್ಲಿ ಗದ್ದಲ ಕಾಣಬೇಕು, ಅಲ್ವಾ? ಅದು ತಣ್ಣಗಿತ್ತು. ಪಿಜೋ ವೋಲ್ಟೇಜ್ ಮಾತ್ರ ಎಸಿ ಆನ್-ಆಫ್ ಆದ ಹಾಗೆಲ್ಲ ಏರಿಳಿಯುತ್ತಿತ್ತು. ಬಿಸಿಲೇರಿದಂತೆ ಒಂದೇ ಕಡೆ ಸರಿದು ತನ್ನ ಮಿತಿ ಮುಟ್ಟುತ್ತಿತ್ತು. ಅಲ್ಲಿಗೆ ಲಾಕ್ ಖತಂ.

ಲೆಕ್ಕ ಹಾಕಿದರೆ ಆಶ್ಚರ್ಯವೇನಿಲ್ಲ. ಅಲ್ಯೂಮಿನಿಯಂ 1 ಡಿಗ್ರಿಗೆ ಹತ್ತು ಲಕ್ಷದಲ್ಲಿ ಸುಮಾರು 23 ಭಾಗ ಹಿಗ್ಗುತ್ತದೆ. ಲೇಸರ್‌ನ ಆವರ್ತನ ಆರಿಸುವ ಗ್ರೇಟಿಂಗ್ ಕೂತಿರುವುದೇ ಅದರ ಮೇಲೆ. 384 ಟೆರಾಹರ್ಟ್ಸ್ ಬೆಳಕಿನಲ್ಲಿ ಅದು ಸುಮಾರು 9 ಗಿಗಾಹರ್ಟ್ಸ್ ಸರಿದಂತೆ. ನಾವು ಹಿಡಿದಿದ್ದ ಗೆರೆಯ ಸಹಜ ಅಗಲ ಬರೀ 6 ಮೆಗಾಹರ್ಟ್ಸ್!

ಎಸಿ ಗಾಳಿಯ ದಿಕ್ಕು ಬದಲಿಸಿದೆ. ಲೇಸರ್ ಮೇಲೆ ಫೋಮ್ ಹಚ್ಚಿದ ಅಕ್ರಿಲಿಕ್ ಡಬ್ಬಿ ಮುಚ್ಚಿದೆ. ನಿಜವಾಗಿ ಕೆಲಸ ಮಾಡಿದ್ದು ಎರಡನೇ, ನಿಧಾನದ ಇಂಟಿಗ್ರೇಟರ್, ಅಂದರೆ ಸರಿದದ್ದನ್ನು ಕೂಡಿಸುತ್ತಾ ಹೋಗಿ ತಿದ್ದುವ ಲೂಪ್. ಅದು ಪಿಜೋ ವೋಲ್ಟೇಜ್ ನೋಡಿಕೊಂಡು ಲೇಸರ್‌ನ ತಾಪಮಾನ ಕಾಯುವ ಪೆಲ್ಟಿಯರ್‌ನ ಸೆಟ್ ಪಾಯಿಂಟ್ ತಿದ್ದುತ್ತದೆ. ಹಾಗಾಗಿ ಪಿಜೋ ಯಾವಾಗಲೂ ನಡುವಿನಲ್ಲೇ ಇರುತ್ತದೆ. ಇದರ ಗೇನ್ (ತಿದ್ದುವ ಜೋರು) ಜಾಸ್ತಿ ಇಟ್ಟರೆ ಎರಡು ಲೂಪ್‌ಗಳೂ ಒಂದಕ್ಕೊಂದು ಜಗಳವಾಡುತ್ತವೆ, ಕಮ್ಮಿಯೇ ಇರಲಿ.

ಈಗ ರಾತ್ರಿಯಿಡೀ ಲಾಕ್ ನಿಲ್ಲುತ್ತದೆ. ಕರೆಂಟ್ ಹೋಗಿ ಬಂದಾಗ ಮಾತ್ರ ಕೈಯಿಂದ ಮತ್ತೆ ಹಿಡಿಯಬೇಕು. ಕಂಟ್ರೋಲರ್‌ಗೆ ಯುಪಿಎಸ್ ಇನ್ನೂ ಹಾಕಿಲ್ಲ.